ಸಂಪಾದಕರ ಉತ್ತರ: ಅಕ್ಕಿ ಡಬ್ಬಿ ಸಣ್ಣದಾದ ಕತೆ

ಮುಂಬಯಿ ಬಳಿಯ ಡೊಂಬಿವಲಿಯ ಓದುಗರೊಬ್ಬರು ನಮ್ಮನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಿದ್ದಾರೆ. ‘ಊಟದ ಖರ್ಚು ಇಳಿಯುತ್ತಿದೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿರಲ್ಲ, ಯಾವ ಮಾರ್ಕೆಟ್‌ನಲ್ಲಿ ಸ್ವಾಮಿ?’ ಎಂದು ಕೇಳಿದ್ದಾರೆ. ಮುಂಬಯಿಯ ಮಾಟುಂಗಾದ ಚಾಳಿನಲ್ಲಿ (ಸಾಲುಕೋಣೆಗಳ ವಠಾರದಲ್ಲಿ) ಇದ್ದಾಗ ಬರೆದಿಟ್ಟ 1986ರ ಲೆಕ್ಕದ ಪುಸ್ತಕವನ್ನೂ ಸಾಕ್ಷಿಗೆ ಎಳೆದಿದ್ದಾರೆ. ಆಗ ಯಜಮಾನರ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಗೇ ಹೋಗುತ್ತಿತ್ತಂತೆ.

ಅಮ್ಮಾ, ತಪ್ಪು ನಮ್ಮ ತಲೆಬರಹದ್ದು. ‘ಊಟದ ಪಾಲು’ ಎಂದು ಬರೆಯಬೇಕಿತ್ತು. ತಿಂಗಳಿಗೆ ಎರಡು ಸಾವಿರ ಖರ್ಚು ಮಾಡುವ ಮನೆ ಊಟಕ್ಕೆ ಸಾವಿರ ಹಾಕಿದರೆ ಅದು ಅರ್ಧ. ಅದೇ ಮನೆ ಇಂದು ಐವತ್ತು ಸಾವಿರದಲ್ಲಿ ಇಪ್ಪತ್ತು ಸಾವಿರ ಹಾಕಿದರೆ ನೂರಕ್ಕೆ ನಲವತ್ತು. ಪಾಲು ಇಳಿಯಿತು, ಜೇಬು ಮಾತ್ರ ಇಪ್ಪತ್ತು ಪಟ್ಟು ಹಗುರಾಯಿತು!

ಕೇಂದ್ರ ಸರ್ಕಾರದ ಮನೆಖರ್ಚಿನ ಸಮೀಕ್ಷೆ ಹೇಳುವುದೂ ಪಾಲಿನ ಕತೆಯನ್ನೇ. 1999-2000ರಲ್ಲಿ ಪೇಟೆಯ ಮನೆಗಳು ನೂರು ರೂಪಾಯಿ ಖರ್ಚಿನಲ್ಲಿ 48 ರೂಪಾಯಿ ಊಟಕ್ಕೆ ಹಾಕುತ್ತಿದ್ದವು. 2022-23ಕ್ಕೆ ಅದು 39 ಆಯಿತು. ಹಳ್ಳಿಯಲ್ಲಿ 59 ಇದ್ದದ್ದು 46ಕ್ಕೆ ಬಂತು. ನಡುವೆ 2017-18ರ ಸಮೀಕ್ಷೆಯನ್ನು ಸರ್ಕಾರ ಹೊರಬಿಡಲೇ ಇಲ್ಲ. ಮಾಹಿತಿಯ ಗುಣಮಟ್ಟ ಸರಿಯಿಲ್ಲ ಎಂಬ ಕಾರಣ ಕೊಟ್ಟಿತು. ಹಾಗಾಗಿ 2011-12ರ ನಂತರ ನಮಗೆಲ್ಲ ಹನ್ನೊಂದು ವರ್ಷ ಅಂಕಿ-ಅಂಶದ ಉಪವಾಸ.

ಒಂದು ವಿಷಯದಲ್ಲಿ ನೀವೇ ಸರಿ. 2023-24ರಲ್ಲಿ ಪೇಟೆಯ ಊಟದ ಪಾಲು 39.17ರಿಂದ 39.68ಕ್ಕೆ, ಹಳ್ಳಿಯದ್ದು 46.38ರಿಂದ 47.04ಕ್ಕೆ ಏರಿದೆ. ಸಣ್ಣ ಏರಿಕೆಯೇ, ಆದರೆ ತರಕಾರಿ ಚೀಲ ಹಿಡಿದು ಹೋದವರಿಗೆ ಅದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ತಟ್ಟೆಯೊಳಗಿನ ಬದಲಾವಣೆ. ಹಳ್ಳಿಯ ಖರ್ಚಿನಲ್ಲಿ ಅಕ್ಕಿ, ಗೋಧಿ, ಜೋಳದಂಥ ಧಾನ್ಯದ ಪಾಲು 1999-2000ರಲ್ಲಿ ನೂರಕ್ಕೆ 22 ಇತ್ತು. 2022-23ರಲ್ಲಿ ಐದೂ ಇಲ್ಲ. ಪುಕ್ಕಟೆ ರೇಷನ್ ಅಕ್ಕಿಗೆ ಮನೆಯವರು ದುಡ್ಡು ಕೊಡುವುದಿಲ್ಲ, ಅದೂ ಒಂದು ಕಾರಣ. ಆದರೆ ಅದಕ್ಕೆ ಬೆಲೆ ಕಟ್ಟಿ ಸೇರಿಸಿದರೂ ಒಟ್ಟು ಲೆಕ್ಕ ಅಷ್ಟೇನೂ ಏರುವುದಿಲ್ಲ. ಹಾಗಾದರೆ ದುಡ್ಡು ಎಲ್ಲಿಗೆ ಹೋಯಿತು? ಹಣ್ಣು, ಮೊಟ್ಟೆಗೆ ಒಂದಿಷ್ಟು. ಊಟದ ಬಾಬ್ತಿನಲ್ಲಿ ಈಗ ಎಲ್ಲಕ್ಕಿಂತ ದೊಡ್ಡ ಪಾಲು ಚಹಾ, ಬಿಸ್ಕತ್ತು, ಕುರುಕಲು, ಹೊರಗಿನಿಂದ ತಂದ ಊಟದ್ದು. ಪೇಟೆಯಲ್ಲಿ ಒಟ್ಟು ಖರ್ಚಿನ ನೂರಕ್ಕೆ ಹತ್ತಕ್ಕೂ ಜಾಸ್ತಿ. ‘ಮೊಮ್ಮಕ್ಕಳು ಫೋನ್ ಒತ್ತಿ ತರಿಸ್ತಾರೆ’ ಎಂದು ನೀವು ಸಿಟ್ಟಿನಿಂದ ಬರೆದ ಸಾಲು ಇದೇ ಅಲ್ವಾ?

ಇನ್ನು ನೀವು ಪತ್ರದಲ್ಲಿ ಬರೆದ ಮಗನ ಮನೆಸಾಲದ ಕಂತು. ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬಾಡಿಗೆ ಕೊಟ್ಟರೆ ಖರ್ಚು, ಮನೆ ಕೊಂಡು ಕಂತು ಕಟ್ಟಿದರೆ ಆಸ್ತಿ. ಇದನ್ನು ಡೊಂಬಿವಲಿಯ ಲೋಕಲ್ ರೈಲಿನಲ್ಲಿ ನಿಂತು ಹೇಳಿದರೆ ಯಾರು ನಂಬ್ತಾರೆ? ನಿಮ್ಮ ಮನೆಯ ಲೆಕ್ಕಕ್ಕೂ ಸರ್ಕಾರದ ಲೆಕ್ಕಕ್ಕೂ ತಾಳೆಯಾಗದಿರಲು ಇದೇ ದೊಡ್ಡ ಕಾರಣ ಇರಬಹುದು.

ತಿದ್ದುಪಡಿ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಆ ಹಳೇ ಪುಸ್ತಕದ ಒಂದೆರಡು ಪುಟದ ಫೋಟೊ ಕಳಿಸ್ತೀರಾ? 1986ರಲ್ಲಿ ಮಾಟುಂಗಾದಲ್ಲಿ ಕುಚ್ಚಲಕ್ಕಿ ಕಿಲೋಗೆ ಎಷ್ಟಿತ್ತು ಅಂತ ನಮ್ಮ ಕಚೇರಿಯಲ್ಲಿ ಜಗಳ ನಡೀತಿದೆ.