ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೋದರೆ ಪಾರ್ಕ್ ಒಳಗೆ ಉಳಿಯಬೇಕಾ, ಇಲ್ಲಾ ಹೊರಗಿನ ಊರಲ್ಲಾ?

ಮೂರ್ನಾಲ್ಕು ರಾತ್ರಿ ಇದ್ದರೆ ಎರಡನ್ನಾದರೂ ಒಳಗೇ ಕಳೆಯಿರಿ. ಆದರೆ ಒಂದೇ ಕಡೆ ಬೇಡ.

ಕಾರಣ ದೂರ. ಈ ಪಾರ್ಕ್ ಸುಮಾರು 9,000 ಚದರ ಕಿ.ಮೀ. ಇದೆ, ನಮ್ಮ ಮೈಸೂರು ಜಿಲ್ಲೆಗಿಂತ ದೊಡ್ಡದು. ಒಳಗಿನ ಮುಖ್ಯ ರಸ್ತೆ 8ರ ಆಕಾರದಲ್ಲಿ ಸುಮಾರು 230 ಕಿ.ಮೀ. ಸುತ್ತುತ್ತದೆ. ಕಾಡುಕೋಣದಂಥ ಬೈಸನ್ ಹಿಂಡು ರಸ್ತೆ ಮೇಲೆ ನಿಂತರೆ ನೀವೂ ನಿಂತಿರಿ ಅಂತಲೇ ಲೆಕ್ಕ. ಹಾರ್ನ್ ಹೊಡೆದು ಪ್ರಯೋಜನವಿಲ್ಲ! ಪಶ್ಚಿಮದ ಗೇಟಿಗೆ ಅಂಟಿಕೊಂಡಿರುವ ವೆಸ್ಟ್ ಯೆಲ್ಲೋಸ್ಟೋನ್ ಊರಿಂದಲೂ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಚಿಲುಮೆಗೆ 48 ಕಿ.ಮೀ. ಆಗುತ್ತದೆ.

ಚಿಲುಮೆಗಳಿಗೆ ಓಲ್ಡ್ ಫೇತ್‌ಫುಲ್ ಹತ್ತಿರ ಉಳಿಯಿರಿ. ಅಲ್ಲಿನ ದೊಡ್ಡ ಮರದ ಹೋಟೆಲು 1904ರದ್ದು, ಲಾಬಿ ನೋಡೋದಕ್ಕೇ ಜನ ಬರುತ್ತಾರೆ. ತೋಳ, ಕರಡಿ ನೋಡುವ ಆಸೆಯಿದ್ದರೆ ಬೆಳಗಿನ ಜಾವ ಪಾರ್ಕಿನ ಈಶಾನ್ಯ ಭಾಗದ ಲಾಮಾರ್ ಕಣಿವೆಯಲ್ಲಿರಬೇಕು, ಅದಕ್ಕೆ ಹತ್ತಿರದ ರೂಸ್‌ವೆಲ್ಟ್ ಲಾಡ್ಜಿನ ಕ್ಯಾಬಿನ್ ಸರಿ. ಅಲ್ಲಿನ ಅಗ್ಗದ ಕ್ಯಾಬಿನ್‌ಗಳಲ್ಲಿ ಸೌದೆ ಒಲೆ ಇರುತ್ತದೆ, ಬಾತ್‌ರೂಮ್ ಮಾತ್ರ ಹೊರಗೆ, ಎಲ್ಲರಿಗೂ ಸೇರಿ. ಅಪ್ಪ ಅಮ್ಮನ ಜೊತೆ ಹೋಗುವವರು ಇದನ್ನು ಮೊದಲೇ ಯೋಚಿಸಿ.

ಒಳಗಿನ ರೂಮುಗಳಲ್ಲಿ ಟಿವಿ, ಅಡುಗೆಮನೆ ನಿರೀಕ್ಷಿಸಬೇಡಿ. ಅನ್ನ ಸಾರು ಮಾಡಿಕೊಳ್ಳಲೇಬೇಕು ಅಂದರೆ ಹೊರಗಿನ ಊರಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆಯೇ ವಾಸಿ, ಅಲ್ವಾ? ಬೇಸಿಗೆಯ ರೂಮುಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಆದರೂ ಯಾರಾದರೂ ರದ್ದು ಮಾಡುತ್ತಿರುತ್ತಾರೆ, ಆಗಾಗ ನೋಡುತ್ತಿರಿ.