ಬ್ರಿಟನ್ನಿನ ಆನ್‌ಲೈನ್ ಕ್ಯಾಸಿನೊ ‘ಬೋನಸ್ ದುರುಪಯೋಗ’ ಎಂದು ಹೇಳಿ ನನ್ನ ಗೆಲುವಿನ ಹಣವನ್ನು ರದ್ದು ಮಾಡಿದೆ. ನಾನೇನು ಮಾಡಬಹುದು?

ನೀವು ಬರೆದಿರುವ ಪ್ರಕಾರ, ಲೆಸ್ಟರ್‌ನಲ್ಲಿ ಮೂವರು ಗೆಳೆಯರ ಜೊತೆ ಬಾಡಿಗೆ ಮನೆಯಲ್ಲಿದ್ದೀರಿ. 2025ರ ನವೆಂಬರಿನಲ್ಲಿ ಬ್ರಿಟಿಷ್ ಪರವಾನಗಿಯಿರುವ ಕ್ಯಾಸಿನೊ ಒಂದಕ್ಕೆ 100 ಪೌಂಡ್ ಕಟ್ಟಿ ಅಷ್ಟೇ ಮೊತ್ತದ ಬೋನಸ್ ಪಡೆದಿರಿ. ಬೋನಸ್ಸಿನ 35 ಪಟ್ಟು ಮೊತ್ತದ ಬಾಜಿ ಆಡಬೇಕೆಂಬ ಷರತ್ತನ್ನು ಪೂರೈಸಿ 2,340 ಪೌಂಡ್ ಹಿಂಪಡೆಯಲು ಹೋದಾಗ ‘ಬೋನಸ್ ದುರುಪಯೋಗ ಮತ್ತು ಅನಿಯಮಿತ ಆಟ’ ಎಂಬ ಒಂದು ಸಾಲಿನ ಇಮೇಲ್ ಬಂದು, ಕಟ್ಟಿದ 100 ಪೌಂಡ್ ಮಾತ್ರ ವಾಪಸಾಗಿ, ಖಾತೆ ಮುಚ್ಚಿಹೋಯಿತು. ಇಂಥದೇ ಒಂದು ಕಂಪನಿಯ ದೂರು ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿ ಈ ಬಗೆಯ ಕಡತಗಳನ್ನು ಓದಿದ ಅನುಭವದಿಂದ ನಾನು ಮೊದಲು ಹೇಳುವುದಿಷ್ಟು: ಆ ಒಂದು ಸಾಲಿಗೆ ಈಗಲೇ ಸಮಜಾಯಿಷಿ ಕೊಡಲು ಹೋಗಬೇಡಿ. ಯಾವ ಷರತ್ತು, ಯಾವ ದಿನದ ಯಾವ ಬಾಜಿಯಿಂದ ಮುರಿಯಿತು ಎಂಬುದನ್ನು ಅವರು ಬರೆದುಕೊಡಲಿ. ಆರೋಪ ಹೊರಿಸಿದವರೇ ಅದನ್ನು ತೋರಿಸಬೇಕು.

ಏಕೆಂದರೆ ಈ ಒಂದು ಹಣೆಪಟ್ಟಿಯ ಕೆಳಗೆ ಕಂಪನಿಗಳು ಹಲವು ಬಗೆಯ ಆರೋಪಗಳನ್ನು ಸೇರಿಸುತ್ತವೆ, ಮತ್ತು ಅವೆಲ್ಲ ಒಂದೇ ತೂಕದವಲ್ಲ. ಒಬ್ಬನೇ ವ್ಯಕ್ತಿ ಬೇರೆಯವರ ಹೆಸರುಗಳಲ್ಲಿ ಖಾತೆ ತೆರೆದು ಹೊಸ ಗ್ರಾಹಕರ ಬೋನಸ್ಸನ್ನು ಮತ್ತೆ ಮತ್ತೆ ಪಡೆಯುವುದು ನೇರ ವಂಚನೆ, ಅದರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಒಂದೇ ವೈ-ಫೈ ಬಳಸುವ ನಾಲ್ವರು ವಿದ್ಯಾರ್ಥಿಗಳು ತಮ್ಮ ತಮ್ಮ ಹೆಸರಿನಲ್ಲಿ ಆಡಿದರೂ ಕಂಪನಿಯ ತಂತ್ರಾಂಶ ಅವರನ್ನು ಒಂದೇ ಗುಂಪೆಂದು ಗುರುತಿಸುವುದುಂಟು. ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ: ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗದಲ್ಲಿ ತಂದೆಯ ಅಥವಾ ಊರಿನ ಹೆಸರು, ಬ್ಯಾಂಕ್ ಕಾರ್ಡಿನಲ್ಲಿ ಬರೀ ಇನಿಶಿಯಲ್. ಹೆಸರು ತಾಳೆಯಾಗಲಿಲ್ಲವೆಂದರೆ ಬೇರೆಯವರ ಕಾರ್ಡ್ ಬಳಸಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಬಾಡಿಗೆ ಕರಾರು, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯ ಉಳಿದವರು ಪ್ರತ್ಯೇಕ ವ್ಯಕ್ತಿಗಳೆಂದು ತೋರಿಸುವ ದಾಖಲೆ, ಇವುಗಳನ್ನು ಈಗಲೇ ಒಟ್ಟು ಮಾಡಿಟ್ಟುಕೊಳ್ಳಿ. ‘ಒಂದು ಮನೆಗೆ ಒಂದೇ ಬೋನಸ್’ ಎಂಬ ಷರತ್ತು ಆಫರಿನ ಪುಟದಲ್ಲೇ ಸ್ಪಷ್ಟವಾಗಿದ್ದು, ನಿಮಗಿಂತ ಮೊದಲು ಗೆಳೆಯರೊಬ್ಬರು ಅದೇ ಬೋನಸ್ ಪಡೆದಿದ್ದರೆ ಮಾತ್ರ ನಿಮ್ಮ ವಾದ ಬಹಳ ಸಡಿಲವಾಗುತ್ತದೆ. ಅದನ್ನು ನೀವು ಮೊದಲೇ ತಿಳಿದಿರಬೇಕು.

ಎರಡನೆಯ ಬಗೆ, ಗರಿಷ್ಠ ಬಾಜಿಯ ಮಿತಿ. ಬೋನಸ್ ಚಾಲ್ತಿಯಲ್ಲಿರುವಾಗ ಒಂದು ಸುತ್ತಿಗೆ 5 ಪೌಂಡ್ ಮೀರಬಾರದು ಎಂಬಂಥ ನಿಯಮ ಸಾಮಾನ್ಯ. ನಾನು ನೋಡಿದ ಒಂದು ಕಡತದಲ್ಲಿ ಆಟದ ದಾಖಲೆಯ ನೂರಾರು ಸಾಲುಗಳ ನಡುವೆ ಒಂದೇ ಒಂದು ಸಾಲಿಗೆ ಹಳದಿ ಬಣ್ಣ ಬಳಿದಿದ್ದರು: ಬಾಜಿ, 5.20 ಪೌಂಡ್. ಆ ಸ್ಲಾಟ್ ಆಟದಲ್ಲಿ (ಗುಂಡಿ ಒತ್ತಿ ಚಿತ್ರಗಳ ಸಾಲು ತಿರುಗಿಸುವ ಆಟ) ಬಾಜಿ 40 ಪೆನ್ಸ್‌ನಂತೆ ಏರುತ್ತಿತ್ತು, 4.80 ಆದ ಮೇಲೆ 5.20, ನಡುವೆ 5 ಎಂಬುದೇ ಇರಲಿಲ್ಲ. ಆಟಗಾರ ಒಮ್ಮೆ ಗುಂಡಿ ಒತ್ತಿ ಮುಂದಿನ ಸುತ್ತಿಗೇ ಕೆಳಗಿಳಿಸಿದ್ದ. ಆ ಸುತ್ತಿನಲ್ಲಿ ಅವನಿಗೆ ಬಂದದ್ದು ಏನೂ ಇಲ್ಲ. ಆದರೂ ಇಡೀ ಗೆಲುವು ರದ್ದಾಗಿತ್ತು. ಮಿತಿ ಮೀರಿದ ಬಾಜಿಯನ್ನು ಆ ಕ್ಷಣದಲ್ಲೇ ತಡೆಯುವ ಸಾಮರ್ಥ್ಯ ತಂತ್ರಾಂಶಕ್ಕೆ ಇದೆ. ತಡೆಯದೆ ಬಿಟ್ಟು, ಆಟಗಾರ ಸೋತರೆ ಹಣ ಇಟ್ಟುಕೊಂಡು, ಗೆದ್ದರೆ ಮಾತ್ರ ಹಳೆಯ ಸಾಲುಗಳನ್ನು ಹುಡುಕಿ ತೆಗೆಯುವ ಈ ಪದ್ಧತಿ ನನ್ನ ಮಟ್ಟಿಗೆ ಅನ್ಯಾಯ. ಕಂಪನಿಗೆ ಎರಡೂ ಕಡೆಯಿಂದ ಲಾಭ, ಆಟಗಾರನಿಗೆ ಎರಡೂ ಕಡೆಯಿಂದ ನಷ್ಟ. ನಿಮ್ಮ ದೂರಿನಲ್ಲಿ ಈ ಮಾತನ್ನು ಧೈರ್ಯವಾಗಿ ಬರೆಯಿರಿ.

ಮೂರನೆಯದು, ಕಂಪನಿಯ ಪಾಲಿಗೆ ಅತ್ಯಂತ ದುರ್ಬಲವಾದದ್ದು, ನಿಮ್ಮ ಇಮೇಲಿನಲ್ಲಿರುವ ‘ಅನಿಯಮಿತ ಆಟ’. ಇದು ಎಲ್ಲಿಂದ ಬಂತೆಂಬುದಕ್ಕೆ ಒಂದು ಲೆಕ್ಕವಿದೆ. 100 ಪೌಂಡ್ ಬೋನಸ್ಸಿಗೆ 35 ಪಟ್ಟು ಎಂದರೆ 3,500 ಪೌಂಡ್‌ಗಳ ಬಾಜಿ. ಸ್ಲಾಟ್ ಆಟ ನೂರಕ್ಕೆ 96ರಷ್ಟನ್ನು ಹಿಂದಿರುಗಿಸುತ್ತದೆಂದು ಇಟ್ಟುಕೊಂಡರೆ ಸರಾಸರಿ ನಷ್ಟ 140 ಪೌಂಡ್, ಅಂದರೆ ಸಿಕ್ಕ ಬೋನಸ್ಸಿಗಿಂತ ಹೆಚ್ಚು. ಹಾಗಾಗಿ ಲೆಕ್ಕ ಬಲ್ಲ ಆಟಗಾರರು ಏರಿಳಿತ ಹೆಚ್ಚಿರುವ, ಅಂದರೆ ಅಪರೂಪಕ್ಕೆ ಆದರೆ ದೊಡ್ಡದಾಗಿ ಗೆಲ್ಲಿಸುವ ಆಟಗಳನ್ನು ಆರಿಸುತ್ತಾರೆ, ಮೊದಲು ದೊಡ್ಡ ಬಾಜಿ ಕಟ್ಟಿ ಆಮೇಲೆ ಚಿಕ್ಕ ಬಾಜಿಗೆ ಇಳಿಯುತ್ತಾರೆ. ಇದನ್ನೇ ಕಂಪನಿಗಳು ದುರುಪಯೋಗ ಎನ್ನುತ್ತವೆ. ನಿಯಮದೊಳಗೆ ಜಾಣತನದಿಂದ ಆಡಿದ್ದನ್ನು ಆಮೇಲೆ ಅಪರಾಧವೆಂದು ಕರೆಯುವುದು ಸಲ್ಲದು ಎಂದು ನಾನು ದೃಢವಾಗಿ ನಂಬುತ್ತೇನೆ. ಇಲ್ಲಿ ಜೂಜನ್ನು ನಿಯಂತ್ರಿಸುವ ಗ್ಯಾಂಬ್ಲಿಂಗ್ ಕಮಿಷನ್ 2026ರ ಜನವರಿ 19ರಿಂದ, ಬೋನಸ್ಸಿನ ಇಷ್ಟು ಪಟ್ಟು ಆಡಬೇಕೆಂಬ ಷರತ್ತನ್ನು 10 ಪಟ್ಟಿಗೆ ಮಿತಿಗೊಳಿಸಿದೆ. ನಿಮ್ಮ ಬೋನಸ್ ಅದಕ್ಕಿಂತ ಹಿಂದಿನದಾದ್ದರಿಂದ ಆ ನಿಯಮದ ನೆರವು ನಿಮಗೆ ಸಿಗದು.

ನಿಮಗೆ ನೆರವಾಗುವುದು ಅದಕ್ಕಿಂತ ಹಳೆಯ ಆಧಾರ. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು ತನಿಖೆ ನಡೆಸಿದ ಮೇಲೆ 2018ರಲ್ಲಿ ಲ್ಯಾಡ್‌ಬ್ರೋಕ್ಸ್, ವಿಲಿಯಂ ಹಿಲ್ ಮತ್ತು ಪಿಟಿ ಎಂಟರ್‌ಟೈನ್‌ಮೆಂಟ್ ಕಂಪನಿಗಳು ತಮ್ಮ ಪ್ರಚಾರದ ಷರತ್ತುಗಳನ್ನು ಬದಲಿಸಲು ಲಿಖಿತವಾಗಿ ಒಪ್ಪಿಕೊಂಡವು. ಆಟದ ಮೇಲಿನ ನಿರ್ಬಂಧಗಳನ್ನು ಸ್ಪಷ್ಟವಾಗಿ ತಿಳಿಸಬೇಕು, ಅಸ್ಪಷ್ಟ ಷರತ್ತುಗಳ ಆಧಾರದಲ್ಲಿ ಆಟಗಾರರ ಹಣ ಮುಟ್ಟುಗೋಲು ಹಾಕಬಾರದು ಎಂಬುದು ಅದರಲ್ಲಿ ಸೇರಿತ್ತು. ಉಳಿದ ಕಂಪನಿಗಳಿಂದಲೂ ಅದನ್ನೇ ನಿರೀಕ್ಷಿಸಲಾಗುತ್ತದೆ. ಇದರ ಹಿಂದಿರುವುದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ: ಅನ್ಯಾಯದ ಷರತ್ತು ಗ್ರಾಹಕನನ್ನು ಕಟ್ಟಿಹಾಕುವುದಿಲ್ಲ.

ನ್ಯಾಯಾಲಯಗಳೂ ಇದೇ ದಾರಿಯಲ್ಲಿ ನಡೆದಿವೆ. ಆಂಡ್ರ್ಯೂ ಗ್ರೀನ್ ಎಂಬವರು 2018ರ ಜನವರಿಯಲ್ಲಿ ಬೆಟ್‌ಫ್ರೆಡ್ ಎಂಬ ಜೂಜು ಕಂಪನಿಯ ಬ್ಲ್ಯಾಕ್‌ಜ್ಯಾಕ್ ಇಸ್ಪೀಟು ಆಟದಲ್ಲಿ ಸುಮಾರು 17 ಲಕ್ಷ ಪೌಂಡ್ ಗೆದ್ದಾಗ ಕಂಪನಿ ತಂತ್ರಾಂಶದ ದೋಷವೆಂದು ಹಣ ಕೊಡಲಿಲ್ಲ. 2021ರ ಏಪ್ರಿಲ್‌ನಲ್ಲಿ ಹೈಕೋರ್ಟ್, ಉದ್ದುದ್ದ ಷರತ್ತುಗಳ ನಡುವೆ ಹುದುಗಿಸಿಟ್ಟ, ಗ್ರಾಹಕನ ಗಮನಕ್ಕೆ ಸರಿಯಾಗಿ ತಾರದ ಮಾತುಗಳನ್ನು ಕಂಪನಿ ಆಶ್ರಯಿಸುವಂತಿಲ್ಲ ಎಂದು ಅವರ ಪರ ತೀರ್ಪಿತ್ತಿತು. ಅದು ಬೋನಸ್ ವಿವಾದವಲ್ಲ, ಆದರೆ ಷರತ್ತುಗಳ ಬಗ್ಗೆ ಅದು ಹೇಳಿದ್ದು ನಿಮ್ಮ ಪ್ರಕರಣಕ್ಕೂ ಒಪ್ಪುತ್ತದೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಸ್ಪೀಟು ಎಲೆಗಳ ಹಿಂಬದಿಯ ವಿನ್ಯಾಸದ ಸಣ್ಣ ವ್ಯತ್ಯಾಸವನ್ನು ಬಳಸಿಕೊಂಡು ಲಂಡನ್ನಿನ ಕ್ಯಾಸಿನೊದಲ್ಲಿ 77 ಲಕ್ಷ ಪೌಂಡ್ ಗೆದ್ದಿದ್ದ ವೃತ್ತಿಪರ ಜೂಜುಗಾರ ಫಿಲ್ ಐವಿ, ತಾನು ಮಾಡಿದ್ದು ಮೋಸವಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದರೂ, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೋಸವೆಂದೇ ನಿರ್ಣಯಿಸಿತು. ‘ನನಗೆ ತಪ್ಪೆನಿಸಲಿಲ್ಲ’ ಎಂಬುದೊಂದೇ ಉತ್ತರವಾಗಿ ನಿಲ್ಲುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಚಾಟ್‌ನಲ್ಲಿ ವಾದಿಸುವುದನ್ನು ನಿಲ್ಲಿಸಿ, ಇದು ಔಪಚಾರಿಕ ದೂರು ಎಂದು ಸ್ಪಷ್ಟವಾಗಿ ನಮೂದಿಸಿ ಇಮೇಲ್ ಕಳಿಸಿ. ಅದರಲ್ಲಿ ಉಲ್ಲಂಘನೆಯಾದ ಷರತ್ತಿನ ಸಂಖ್ಯೆ, ನೀವು ಬೋನಸ್ ಪಡೆದ ದಿನ ಚಾಲ್ತಿಯಲ್ಲಿದ್ದ ಷರತ್ತುಗಳ ಪ್ರತಿ, ಅದನ್ನು ಉಲ್ಲಂಘಿಸಿದವೆನ್ನುವ ಬಾಜಿಗಳ ಸಮಯ ಮತ್ತು ಮೊತ್ತ ಇಷ್ಟನ್ನು ಕೇಳಿ. ದಿನಾಂಕದ ಮಾತು ಮುಖ್ಯ, ಏಕೆಂದರೆ ಷರತ್ತುಗಳ ಪುಟ ಆಮೇಲೆ ಬದಲಾಗಿರಬಹುದು. ಜೊತೆಗೆ ದತ್ತಾಂಶ ರಕ್ಷಣಾ ಕಾನೂನಿನ ಪ್ರಕಾರ ನಿಮ್ಮ ಬಗ್ಗೆ ಅವರಲ್ಲಿರುವ ಎಲ್ಲ ಮಾಹಿತಿಯ ಪ್ರತಿ ಕೇಳಿ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು, ಶುಲ್ಕವಿಲ್ಲ. ನಿಮ್ಮ ಪೂರ್ಣ ಆಟದ ದಾಖಲೆ ಅದರಲ್ಲಿ ಬರಬೇಕು. ಬ್ಯಾಂಕಿನ ಮೂಲಕ ಡೆಪಾಸಿಟ್ ವಾಪಸ್ ಪಡೆಯುವ ಪ್ರಯತ್ನ ಮಾಡಬೇಡಿ. ಆ ಹಣ ಆಗಲೇ ಬಂದಿದೆ, ಮತ್ತೆ ಕೇಳಿದರೆ ವಂಚಕನೆಂಬ ಆರೋಪಕ್ಕೆ ನೀವೇ ಸಾಕ್ಷ್ಯ ಒದಗಿಸಿದಂತಾಗುತ್ತದೆ.

ಎಂಟು ವಾರದೊಳಗೆ ಅಂತಿಮ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಆ ಕಂಪನಿ ಹೆಸರಿಸಿರುವ ಸ್ವತಂತ್ರ ವಿವಾದ ಪರಿಹಾರ ಸಂಸ್ಥೆಗೆ ಹೋಗಬಹುದು. ಐಬಾಸ್ ಅಂಥದೊಂದು ಸಂಸ್ಥೆ, ಆಟಗಾರರಿಗೆ ಉಚಿತ. ಗ್ಯಾಂಬ್ಲಿಂಗ್ ಕಮಿಷನ್ ವೈಯಕ್ತಿಕ ವಿವಾದಗಳನ್ನು ಬಗೆಹರಿಸುವುದಿಲ್ಲ, ಆದರೂ ಅವರಿಗೆ ಮಾಹಿತಿ ಕೊಡಿ. ಒಂದೇ ಕಂಪನಿಯ ಮೇಲೆ ಬರುವ ದೂರುಗಳು ಪರವಾನಗಿಯ ಪರಿಶೀಲನೆಯಲ್ಲಿ ಲೆಕ್ಕಕ್ಕೆ ಬರುತ್ತವೆ. ವಿವಾದ ಪರಿಹಾರ ಸಂಸ್ಥೆಯಲ್ಲೂ ಆಗದಿದ್ದರೆ ನಿಮ್ಮ ಮೊತ್ತ 10,000 ಪೌಂಡ್‌ಗಿಂತ ಕಡಿಮೆಯಿರುವುದರಿಂದ ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯಕ್ಕೆ ವಕೀಲರಿಲ್ಲದೆಯೇ ಹೋಗಬಹುದು. ಕರಾರಿನ ದಾವೆಗೆ ಇಲ್ಲಿ ಆರು ವರ್ಷಗಳ ಅವಧಿಯಿದೆ.

ಈ ಉತ್ತರ ಓದುವ ಕರ್ನಾಟಕದವರಿಗೆ ಒಂದು ಎಚ್ಚರಿಕೆ: ಇದಾವುದೂ ಅಲ್ಲಿ ಅನ್ವಯಿಸುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಅನೂರ್ಜಿತ, ಅದರ ಹಣಕ್ಕಾಗಿ ದಾವೆ ಹೂಡುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದೆ. ವಿದೇಶದ ದ್ವೀಪವೊಂದರ ಪರವಾನಗಿ ತೋರಿಸುವ ತಾಣ ನಿಮ್ಮ ಹಣ ಹಿಡಿದರೆ ಅದನ್ನು ಬಿಡಿಸಿಕೊಳ್ಳುವ ದಾರಿ ಇಲ್ಲವೆಂದೇ ತಿಳಿಯಿರಿ.

ನಿಮ್ಮ ವಿಷಯದಲ್ಲಿ, ಅವರ ಉತ್ತರದಲ್ಲಿ ನಿರ್ದಿಷ್ಟ ಷರತ್ತಿನ ಸಂಖ್ಯೆ ಬಂದರೆ ಅದನ್ನು ಯಥಾವತ್ತಾಗಿ ಇಲ್ಲಿ ಹಾಕಿ, ಅದು ನಿಲ್ಲುತ್ತದೆಯೇ ಎಂದು ನೋಡಿ ಹೇಳುತ್ತೇನೆ. ಖಾತೆ ಸಂಖ್ಯೆ, ಹುಟ್ಟಿದ ದಿನಾಂಕಗಳನ್ನು ಅಳಿಸಿ ಹಾಕಿ.