ಬಚ್ಚಲು ನೀರು ಕೆರೆಗೆ ಸೇರದಂತೆ ಏನು ಮಾಡಬೇಕು?

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರ ಪಂಚಾಯಿತಿ ಸದಸ್ಯೆ. ನಮ್ಮೂರಲ್ಲಿ 110 ಮನೆ, ಸುಮಾರು 500 ಜನ. ಮನೆಮನೆಗೆ ನಲ್ಲಿ ಬಂದ ಮೇಲೆ ಚರಂಡಿ ಬೇಸಿಗೆಯಲ್ಲೂ ಹರಿದು ಕೆರೆಗೆ ಸೇರುತ್ತಿದೆ. ಪಟ್ಟಣದಲ್ಲಿ ಇರುವಂಥ ಮೋಟಾರಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಹಾಕಿಸೋಣ ಅಂತ ಕೆಲವರ ಒತ್ತಾಯ. ಹಾಕಿಸಬಹುದಾ ಸರ್?

ಉತ್ತರ: ಬೇಡ ಮೇಡಂ. ಅಂಥದ್ದೊಂದನ್ನು ನಾನು ಹಳ್ಳಿಯಲ್ಲಿ ನೋಡಿದ್ದೇನೆ. ಕರೆಂಟ್ ಬಿಲ್ ಕಟ್ಟೋರಿಲ್ಲದೆ ಬೀಗ ಬಿದ್ದಿತ್ತು. ಒಣಗಿದ ತೊಟ್ಟಿಯೊಳಗೆ ಟೊಮೆಟೊ ಗಿಡ ಎದ್ದು ಕಾಯಿ ಬಿಟ್ಟಿತ್ತು. ಟೊಮೆಟೊ ಹೆಚ್ಚಿದ ತಟ್ಟೆ ತೊಳೆದ ನೀರಲ್ಲಿ ಬಂದ ಬೀಜ ಇರಬೇಕು!

ಮೊದಲು ಲೆಕ್ಕ ಹಾಕೋಣ. ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ಅದರಲ್ಲಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ ನೀರು ಬಚ್ಚಲು, ಅಡುಗೆಮನೆಯಿಂದ ಹೊರಗೆ ಬರುತ್ತದೆ. ನಿಮ್ಮೂರಿಗೆ ದಿನಕ್ಕೆ ಸುಮಾರು 19 ಸಾವಿರ ಲೀಟರ್, ಅಂದರೆ ನಾಲ್ಕು ಟ್ರ್ಯಾಕ್ಟರ್ ಟ್ಯಾಂಕರ್. ಒಂದೇ ಕಡೆ ಸೇರಿದರೆ ತಲೆನೋವು. ಮನೆಮನೆಯಲ್ಲೇ ಉಳಿದರೆ ಒಂದೊಂದು ಹಿತ್ತಲಿಗೆ ಎಂಟು ಹತ್ತು ಕೊಡ, ಅಷ್ಟೇ.

ಹಾಗಾಗಿ ಹಿತ್ತಲಿದ್ದವರ ನೀರು ಬಾಳೆ, ನುಗ್ಗೆ ಬುಡಕ್ಕೆ ಹೋಗಲಿ. ಉಳಿದದ್ದಕ್ಕೆ ಇಂಗುಗುಂಡಿ ತೆಗೆಸಿ. ಉದ್ದ, ಅಗಲ, ಆಳ ಒಂದೊಂದು ಮೀಟರ್, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ. ಆದರೆ ನಿಮ್ಮ ಕಡೆ ಕೆಂಪು ನೆಲವೂ ಉಂಟು, ಎರೆ ಭೂಮಿಯೂ ಉಂಟು. ಎರೆ ಮಣ್ಣಲ್ಲಿ ನೀರು ಇಂಗಲ್ಲ. ಒಂದಡಿ ಗುಂಡಿ ತೋಡಿ, ಎರಡು ಸಲ ನೀರು ತುಂಬಿಸಿ ನೋಡಿ. ಎರಡನೇ ಸಲವೂ ಬೇಗ ಇಂಗಿದರೆ ಮುಂದುವರಿಯಿರಿ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗಳಿಂದ 10 ಮೀಟರಾದರೂ ದೂರ ಇರಲಿ.

ಇಂಗುಗುಂಡಿ ಕೆಡೋದು ಹೆಚ್ಚಾಗಿ ಪಾತ್ರೆ ತೊಳೆದ ನೀರಿನಿಂದ. ಜಿಡ್ಡು, ಬೂದಿ, ಚಹಾ ಚರಟ ಸೇರಿ ಕಲ್ಲಿನ ಸಂದಿಗೆ ಗೋಂದಿನ ಹಾಗೆ ಅಂಟುತ್ತವೆ. ಗುಂಡಿಗೆ ಮುಂಚೆ ಒಂದು ಸಣ್ಣ ತೊಟ್ಟಿ ಇಡಿ. ಜಿಡ್ಡು ಮೇಲೆ ತೇಲುತ್ತದೆ, ಬೂದಿ ತಳಕ್ಕೆ ಕೂರುತ್ತದೆ. ವಾರಕ್ಕೊಮ್ಮೆ ಬಳಿದು ತಿಪ್ಪೆಗೆ ಹಾಕಿದರಾಯಿತು.

ಜಾಗ ಇಲ್ಲದ ಓಣಿಗಳ ನೀರು ಮಾತ್ರ ಚರಂಡಿಗೆ ಬರಲಿ. ಕೊನೆಯಲ್ಲಿ ಕಸ ತಡೆಯುವ ಕಬ್ಬಿಣದ ಜಾಲರಿ, ಒಂದು ದಿನದ ನೀರು ನಿಲ್ಲುವ ತೊಟ್ಟಿ, ಆಮೇಲೆ ಜಲ್ಲಿ ತುಂಬಿದ ಮಡಿ. ಅದರಲ್ಲಿ ಜೊಂಡು, ಕ್ಯಾನಾ ಹೂವಿನ ಗಿಡ ನೆಡಿ. ಬೇರಿನ ಸುತ್ತ, ಜಲ್ಲಿಯ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ. ನೀರು ಜಲ್ಲಿಯ ಮಟ್ಟಕ್ಕಿಂತ ಕೆಳಗೇ ಹರಿಯುವಂತೆ ನೋಡಿಕೊಂಡರೆ ಸೊಳ್ಳೆ ಕಾಟವಿಲ್ಲ. ತಲೆಗೆ ಒಂದು ಚದರ ಮೀಟರ್ ಅಂದಾಜಿಟ್ಟುಕೊಳ್ಳಿ. ಅರ್ಧ ಊರಿಗೆ 30–40ರ ಎರಡು ಸೈಟಿಗಿಂತ ತುಸು ಜಾಸ್ತಿ ಬೇಕು.

ಇಷ್ಟೆಲ್ಲ ಮಾಡಿದರೂ ಒಂದು ವಿಷಯ ಬಿಟ್ಟರೆ ವ್ಯರ್ಥ. ಶೌಚಾಲಯದ ಟ್ಯಾಂಕಿನಿಂದ ಚರಂಡಿಗೆ ಪೈಪ್ ಬಿಟ್ಟವರು ಎಷ್ಟು ಜನ ಅಂತ ಬೆಳಿಗ್ಗೆ ಒಂದು ಸುತ್ತು ಹೋಗಿ ನೋಡಿ. ಯಾರೂ ಒಪ್ಪಲ್ಲ, ಆದರೆ ವಾಸನೆ ಹೇಳುತ್ತದೆ. ಅವರಿಗೆ ಅವಳಿ ಗುಂಡಿಯೇ ದಾರಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಡಿ. ಆಮೇಲೆ ತೆಗೆದದ್ದು ವಾಸನೆಯಿಲ್ಲದ ಗೊಬ್ಬರ.

ದುಡ್ಡಿಗೆ ಸ್ವಚ್ಛ ಭಾರತ್ ಗ್ರಾಮೀಣ ಎರಡನೇ ಹಂತದ ಅನುದಾನದ ಬಗ್ಗೆ ಪಿಡಿಒ ಅವರನ್ನು ಕೇಳಿ. ಮತ್ತೆ, ಜೊಂಡಿನ ಮಡಿಯನ್ನು ಕೆರೆ ಅಂಗಳದಲ್ಲಿ ಮಾಡಬೇಡಿ. ಖಾಲಿ ಜಾಗ ಅಂತ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ, ಆದರೆ ಒಳ್ಳೆಯ ಮಳೆ ಬಂದ ವರ್ಷ ಅದು ಮುಳುಗುತ್ತದೆ.